ನಮ್ಮ ಅತ್ತೆ ತಿಂದ ತತ್ತಿ

ನಮ್ಮ ಕಡೆ ಕೋಳಿಮೊಟ್ಟೆಗೆ ತತ್ತಿ ಅನ್ನುತ್ತಾರೆ. ನನ್ನ ಅತ್ತೆ ಗುರವ್ವ ಜೀವಮಾನದಲ್ಲಿ ತತ್ತಿ ಮುಟ್ಟಿದವರಲ್ಲ. ಮುಟ್ಟುವುದಿರಲಿ, ನೇಸರಗಿಯ ಬಸ್ ಸ್ಟ್ಯಾಂಡಿನ ಎದುರು ಒಬ್ಬಾತ ಕೈಗಾಡಿ ಇಟ್ಟು ಆಮ್ಲೆಟ್ ಹಾಕಲು ಶುರು ಮಾಡಿದ ದಿನದಿಂದ ಸ್ಟ್ಯಾಂಡಿಗೆ ಕಾಲಿಡುವುದನ್ನೇ ಬಿಟ್ಟರು. ಬೈಲಹೊಂಗಲಕ್ಕೆ ಹೋಗುವುದಿದ್ದರೆ ಊರ ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಬಸ್ಸಿಗೆ ಕೈ ಮಾಡುವರು. ಕಂಡಕ್ಟರುಗಳಿಗೂ ರೂಢಿಯಾಗಿ, "ಗುರವ್ವನ ಸ್ಟಾಪ್ ಬಂತು" ಎಂದು ಸೀಟಿ ಊದುತ್ತಿದ್ದರು. ಅಲ್ಲಿ ಇವತ್ತಿಗೂ ಬಸ್ಸು ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ಹೊಸ ಕಂಡಕ್ಟರುಗಳಿಗೆ ಗೊತ್ತಿಲ್ಲ.

ಬೆಳಿಗ್ಗೆ ಲಿಂಗಪೂಜೆ ಆಗುವ ತನಕ ಅತ್ತೆಯ ಬಾಯಿಗೆ ಹನಿ ನೀರಿಲ್ಲ. ಪರ ಊರಿಗೆ ಹೋದರೆ ತನ್ನ ನೀರು ತನ್ನ ತಂಬಿಗೆಯಲ್ಲೇ. ಹೋಟೆಲ್ಲಿನ ಚಹಾ ಎಂದರೆ ಮೂಗು ಮುರಿಯುವರು. ಪೇಟೆಯಿಂದ ತಂದ ಬಾಳೆಹಣ್ಣನ್ನು ಸಿಪ್ಪೆಯ ಸಮೇತ ತೊಳೆದು, ಸುಲಿದು, ಕೈಯನ್ನು ಮತ್ತೊಮ್ಮೆ ತೊಳೆದು ತಿನ್ನುವ ಹೆಂಗಸು. ಹಂದಿ ಎಂಬ ಶಬ್ದವಂತೂ ಅವರ ಬಾಯಿಂದ ಬಂದದ್ದೇ ಇಲ್ಲ. ಓಣಿಯಲ್ಲಿ ಹಂದಿ ಹಾದುಹೋದರೆ "ಆ ಪ್ರಾಣಿ" ಎನ್ನುವರು, ಅದೂ ಸೆರಗನ್ನು ಮೂಗಿಗೆ ಒತ್ತಿಕೊಂಡು.

ಇಂಥವರ ಮನೆಗೆ ನಾನು ರಾಮದುರ್ಗದಿಂದ ಸೊಸೆಯಾಗಿ ಬಂದೆ. ಬಂದ ವರ್ಷವೇ ಯಾರೋ ಪುಣ್ಯಾತ್ಮರು ಅತ್ತೆಯ ಕಿವಿಯಲ್ಲಿ ಒಂದು ಮಾತು ಹಾಕಿದರು: ಅನ್ನಪೂರ್ಣಾಳ ಅಣ್ಣ ಮಿಲಿಟರಿಯಲ್ಲಿದ್ದಾನೆ, ಅಲ್ಲಿ ತತ್ತಿ ತಿನ್ನುತ್ತಾನೆ. ಅಣ್ಣ ತಿನ್ನುತ್ತಿದ್ದದ್ದು ನಿಜ, ಜಮ್ಮುವಿನ ಚಳಿಯಲ್ಲಿ ಇನ್ನೇನು ತಿಂದಾನು? ಮರುದಿನದಿಂದ ಅತ್ತೆ ನಾನು ಬಡಿದ ರೊಟ್ಟಿ ಮುಟ್ಟಲಿಲ್ಲ.

"ನಾ ತಿಂದಿಲ್ಲಲ್ರಿ ಅತ್ತಿ" ಎಂದೆ.

"ನೀ ತಿಂದಿಲ್ಲವಾ. ಆದ್ರ ಅಣ್ಣಾ ತಂಗಿ ಒಂದ ಗಂಗಾಳದಾಗ ಉಂಡು ಬೆಳದೀರಿ" ಎಂದರು.

ಬೈಗುಳವೂ ಅಲ್ಲ, ಜಗಳವೂ ಅಲ್ಲ. ನನ್ನ ರೊಟ್ಟಿ ಮನೆ ಮಂದಿಗೆ, ಅವರ ರೊಟ್ಟಿ ಅವರಿಗೆ. ಒಂದೇ ಒಲೆಯ ಮುಂದೆ ಒಬ್ಬರ ನಂತರ ಒಬ್ಬರು ಕುಳಿತು ಬಡಿಯುತ್ತಿದ್ದೆವು. ನನ್ನ ಗಂಡ ಗೌರೀಶ ಗೊಬ್ಬರದ ಅಂಗಡಿಯವರು, ಅಂಗಡಿಯಲ್ಲಿ ಎಲ್ಲರ ವ್ಯಾಜ್ಯ ಬಗೆಹರಿಸುವರು, ಮನೆಯ ಈ ವ್ಯಾಜ್ಯಕ್ಕೆ ಮಾತ್ರ ಕೆಮ್ಮಿ ಎದ್ದುಹೋಗುವರು. ನನಗೆ ಸಿಟ್ಟು ಬರುತ್ತಿತ್ತು, ಯಾಕೆ ಸುಳ್ಳು ಹೇಳಲಿ. ಹಬ್ಬದ ದಿನ ಹೋಳಿಗೆಯನ್ನೂ ಬೇರೆ ಮಾಡಿಕೊಂಡಾಗ ಹಿತ್ತಲಿಗೆ ಹೋಗಿ ಅತ್ತಿದ್ದೇನೆ.

ಆದರೆ ಇಷ್ಟೆಲ್ಲ ತೊಳೆದು ಬಳಿದು ಮಾಡುವ ಅತ್ತೆ ಒಂದನ್ನು ಮಾತ್ರ ತೊಳೆಯುತ್ತಿರಲಿಲ್ಲ. ರೊಟ್ಟಿಯ ಜೊತೆ ಹಸಿ ತಪ್ಪಲು, ಅಂದರೆ ಹಸಿ ಸೊಪ್ಪು, ತಿನ್ನದ ಮನೆ ನಮ್ಮ ಕಡೆ ಇಲ್ಲ. ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಎಲ್ಲಕ್ಕಿಂತ ಹೆಚ್ಚಾಗಿ ಹಕ್ಕರಕಿ. ಹಳ್ಳದ ದಂಡೆಗಿದ್ದ ನಮ್ಮ ಹೊಲದಲ್ಲಿ ಹಕ್ಕರಕಿ ತಾನಾಗೇ ಹಬ್ಬಿಕೊಂಡಿರುತ್ತಿತ್ತು. ಅತ್ತೆ ಅದನ್ನು ಉಡಿಯಲ್ಲಿ ಕಿತ್ತು ತಂದು, ಮಣ್ಣು ಝಾಡಿಸಿ, ಶೇಂಗಾ ಚಟ್ನಿಪುಡಿಯ ಜೊತೆ ಕುರುಕುರು ತಿನ್ನುವರು. ನಾನು ನೀರು ತಂದರೆ ಗದರುವರು. "ನಮ್ಮ ಹೊಲದ್ದು, ನನ್ನ ಕೈಲೆ ಹರದದ್ದು. ಇದಕ್ಯಾರ ಕೈ ಹತ್ತೇತಿ ಅಂತ ತೊಳೀತಿ?"

ತೊಂಬತ್ತೆಂಟನೇ ಇಸವಿಯ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಅತ್ತೆ ರೊಟ್ಟಿ ಬಡಿಯುತ್ತ ಕುಳಿತಿದ್ದರು. ಬಡಿಯುವ ಸದ್ದಿನ ತಾಳ ತಪ್ಪಿತು. ತಿರುಗಿ ನೋಡಿದರೆ ಬಲಗೈ ತಾನೇ ತಾನಾಗಿ ಜಗ್ಗುತ್ತಿತ್ತು, ಬಾಯಿ ಒಂದು ಕಡೆ ಸೆಳೆದಿತ್ತು. ನೋಡನೋಡುತ್ತ ಮಗ್ಗುಲಿಗೆ ಉರುಳಿದರು. ನಾನು ಹೌಹಾರಿ, ಮೊದಲು ಅವರ ಸೆರಗನ್ನು ಒಲೆಯಿಂದ ದೂರ ಎಳೆದೆ, ಆಮೇಲೆ ಓಣಿ ಕೂಡುವಂತೆ ಚೀರಿದೆ. ಎದುರು ಮನೆಯ ಚನ್ನವ್ವ ಬಂದವಳೇ "ಗಾಳಿ ಬಡದೈತಿ" ಎಂದು ತೀರ್ಪು ಕೊಟ್ಟಳು. ನಮ್ಮ ಮನೆಯವರು ಜೀಪು ತಂದರು. ಬೈಲಹೊಂಗಲದ ಡಾಕ್ಟರು ಬೆಳಗಾವಿಗೆ ಕಳಿಸಿದರು, ಬೆಳಗಾವಿಯಲ್ಲಿ ತಲೆಯ ಸ್ಕ್ಯಾನ್ ಆಯಿತು.

ಅಲ್ಲಿಯ ಡಾಕ್ಟರು ಫಿಲ್ಮನ್ನು ದೀಪದ ಮುಂದೆ ಹಿಡಿದು, ಮೆದುವಾಗಿಯೇ ಹೇಳಿದರು. "ತಲಿಯಾಗ ಒಂದು ಗಡ್ಡಿ ಇದ್ದಂಗ ಕಾಣತೈತ್ರಿ. ತಲಿ ಕೊಯ್ದು ನೋಡಬೇಕಾಗಬಹುದು."

"ಯಾವ ಗಡ್ಡಿ?" ಎಂದರು ಅತ್ತೆ, ಆಗಲೇ ಎದ್ದು ಕುಳಿತು ಸೆರಗು ಸರಿಮಾಡಿಕೊಳ್ಳುತ್ತಿದ್ದವರು. "ಉಳ್ಳಾಗಡ್ಡಿಯೋ ಬಳ್ಳೊಳ್ಳಿ ಗಡ್ಡಿಯೋ?"

ಯಾರೂ ನಗಲಿಲ್ಲ. ನಮ್ಮ ಮನೆಯವರು ಹೊರಗಿನ ಬೆಂಚಿನ ಮೇಲೆ ಕುಳಿತು ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು, ಬಂದದ್ದಕ್ಕೆ ಆಶ್ಚರ್ಯವೂ ಆಯಿತು. ಈ ಹೆಂಗಸು ಇಲ್ಲದಿದ್ದರೆ ನಾನು ಯಾರ ಮೇಲೆ ಸಿಟ್ಟು ಮಾಡಲಿ?

ಊರಿಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಮುಟ್ಟಿತ್ತು. ಗುರವ್ವನ ತಲೆಯಲ್ಲಿ ಗಡ್ಡಿ. ಜನ ಬಾಳೆಹಣ್ಣು ಹಿಡಿದುಕೊಂಡು ಮಾತಾಡಿಸಲು ಬಂದರು, ಅತ್ತೆ ಎಲ್ಲ ಬಾಳೆಹಣ್ಣು ತೊಳೆಸಿದರು. ನಮ್ಮ ಮನೆಯವರ ಗೆಳೆಯರೊಬ್ಬರು, ಕೊಯ್ಯಿಸುವ ಮೊದಲು ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಎಂದರು. ತೋರಿಸಲು ಹೋದೆವು.

ಹುಬ್ಬಳ್ಳಿಯ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರಂತೆ ಕಂಡರು. ಅತ್ತೆ ಅವರನ್ನು ತಮ್ಮಾ ಎಂದೇ ಕರೆದರು. ಅವರು ಹಳೆಯ ಫಿಲ್ಮ್ ನೋಡಿ, ಇನ್ನೂ ಸಣ್ಣಸಣ್ಣ ಪದರಿನಲ್ಲಿ ಮತ್ತೊಂದು ಸ್ಕ್ಯಾನ್ ಮಾಡಿಸಿದರು. ಆಮೇಲೆ ನಮ್ಮನ್ನು ಹತ್ತಿರ ಕರೆದು ತೋರಿಸಿದರು. ಕಪ್ಪನೆಯ ಚಿತ್ರದಲ್ಲಿ ಬಿಳಿಯ ಉಂಗುರ, ಉಂಗುರದ ನಡುವೆ ರಾಗಿಕಾಳಿನಂಥ ಒಂದು ಚುಕ್ಕೆ.

"ಇದು ಗಡ್ಡಿ ಅಲ್ರಿ" ಎಂದರು. "ಚಿತ್ರದಾಗ ಗಡ್ಡಿಯಂಗ ಕಾಣತದ, ಭಾಳ ಮಂದಿಗೆ ಮೋಸ ಮಾಡತದ. ಇದು ಹುಳದ ಮರಿ. ಆ ಚುಕ್ಕಿ ಐತೆಲ್ಲಾ, ಅದು ಅದರ ತಲಿ. ಕೊಯ್ಯೂದು ಬ್ಯಾಡ, ಗುಳಿಗಿ ತಗೊಂಡ್ರ ಹೋಗತದ."

ಮಾತಿನಲ್ಲಿ ಊರ ಎಷ್ಟೋ ಜನರ ತಲೆಯಲ್ಲಿ ಹುಳ ಬಿಟ್ಟ ನನ್ನ ಅತ್ತೆಯ ತಲೆಯಲ್ಲಿ ನಿಜವಾಗಿಯೇ ಹುಳ! ನನಗೆ ನಗು ತಡೆಯಲಾಗಲಿಲ್ಲ. ಖುಷಿಯ ನಗುವೇ ಅದು. ನಮ್ಮ ಮನೆಯವರು ಡಾಕ್ಟರ ಕೈ ಹಿಡಿದುಕೊಂಡೇಬಿಟ್ಟರು. ಅಷ್ಟರಲ್ಲಿ ಡಾಕ್ಟರು ಪದ್ಧತಿಯ ಪ್ರಕಾರ ಒಂದು ಪ್ರಶ್ನೆ ಕೇಳಿದರು.

"ಮನ್ಯಾಗ ಹಂದಿ ಮಾಂಸ ತಿಂತೀರೇನ್ರಿ?"

ಅತ್ತೆ ಕುರ್ಚಿಯಿಂದ ಎದ್ದರು. ಹಣೆಯ ಮೇಲಿನ ವಿಭೂತಿಯನ್ನು ಮೂರು ಬೆರಳಿನಿಂದ ತೋರಿಸಿದರು. "ಇದೇನ ಅನಕೊಂಡೀ ತಮ್ಮಾ? ಸುಣ್ಣ ಅನಕೊಂಡೀ ಏನು?"

"ಸಿಟ್ಟಾಗಬ್ಯಾಡ್ರಿ ಅವ್ವಾರ, ಕೇಳಬೇಕಾಗತದ. ಇದು ಹಂದಿ ಸಂಬಂಧದ ಹುಳ. ಆದ್ರ ತಲಿಗೆ ಬರಾಕ ಮಾಂಸ ತಿನ್ನಬೇಕಂತಿಲ್ಲ. ಯಾರದೋ ಹೊಟ್ಯಾಗ ಆ ಹುಳ ಇರತದ. ಅವರು ಬಯಲಕಡೆ ಹೋದಾಗ ಅದರ ತತ್ತಿ ಮಣ್ಣಾಗ, ನೀರಾಗ ಸೇರತಾವ. ಅಲ್ಲಿಂದ ಹಸಿ ತಪ್ಪಲಕ್ಕ ಅಂಟಕೋತಾವ. ತೊಳೀಲಾರದ ತಿಂದ್ರ ಆ ತತ್ತಿ ನಿಮ್ಮ ಹೊಟ್ಟಿಗೆ ಹೋಗಿ, ಅಲ್ಲಿಂದ ತಲಿಗೆ."

ಅತ್ತೆಗೆ ಇಷ್ಟುದ್ದದ ಮಾತಿನಲ್ಲಿ ಕೇಳಿಸಿದ್ದು ಎರಡೇ ಶಬ್ದ. "ಗೌರೀಶ, ನಡಿ. ನಾ ಆ ಪ್ರಾಣಿ ತಿಂದೇನಿ ಅಂತಾನ, ತತ್ತಿ ತಿಂದೇನಿ ಅಂತಾನ. ಇಂವನ ಗುಳಿಗಿ ನನಗ ಬ್ಯಾಡ."

ಬಸ್ಸಿನಲ್ಲಿ ಊರು ಮುಟ್ಟುವ ತನಕ ಅವರದು ಒಂದೇ ಪಾಠ. ಗಡ್ಡಿ ಅಂದರೆ ಗಡ್ಡಿಯೇ ಇರಲಿ, ಗಡ್ಡಿಯಿಂದ ಸತ್ತವರಿಗೆ ಮರ್ಯಾದೆ ಇದೆ. ಆ ಪ್ರಾಣಿಯ ಹುಳ ಎಂದು ಓಣಿಗೆ ಗೊತ್ತಾದರೆ ತನ್ನ ಹೆಣಕ್ಕೆ ಹೆಗಲು ಕೊಡಲು ನಾಲ್ಕು ಮಂದಿ ಸಿಗುವುದಿಲ್ಲ. ನಮ್ಮ ಮನೆಯವರು ಬೇಡಿದರು, ಕಾಲು ಹಿಡಿದರು. ಗುಳಿಗೆಯ ಚೀಟಿ ಗೋಡೆಯ ಗೂಡಿನಂಥ ದೇವರ ಮಾಡದಲ್ಲಿ ಹಾಗೆಯೇ ಕುಳಿತಿತ್ತು.

ಆ ವಾರವೇ ಅತ್ತೆ ಹೊಲದಲ್ಲಿ ಮತ್ತೆ ಬಿದ್ದರು. ಹತ್ತಿರ ನಾನೊಬ್ಬಳೇ ಇದ್ದೆ. ಕೈ ಜಗ್ಗುವುದು ನಿಂತು ಕಣ್ಣು ಬಿಟ್ಟಾಗ ಅವರ ತಲೆ ನನ್ನ ತೊಡೆಯ ಮೇಲಿತ್ತು, ಮುಷ್ಟಿಯಲ್ಲಿ ಹಕ್ಕರಕಿ ಇತ್ತು. ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ಅತ್ತೀ, ಅಲ್ಲಿ ನೋಡ್ರಿ" ಎಂದೆ. ಹಳ್ಳದ ಮೇಲ್ಭಾಗ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಬೆಳಗಾದರೆ ಅರ್ಧ ಊರು ತಂಬಿಗೆ ಹಿಡಿದು ಹೋಗುವ ಜಾಗ ಅದು. ಆ ಹೊತ್ತಿಗೂ ಅಲ್ಲಿ ಹಂದಿಗಳು ಮೇಯುತ್ತಿದ್ದವು. ಮಳೆ ಬಂದರೆ ಅಲ್ಲಿಯ ನೀರೆಲ್ಲ ಇಳಿಯುವುದು ನಮ್ಮ ಹೊಲಕ್ಕೆ. "ಇದಕ್ಯಾರ ಕೈ ಹತ್ತೇತಿ ಅಂತಿದ್ರಲ್ಲ. ಊರ ಮಂದಿದೆಲ್ಲಾ ಹತ್ತೇತಿ. ಕೈ ಒಂದ ಬಿಟ್ಟು!"

ಅತ್ತೆ ಹಂದಿಗಳನ್ನು ನೋಡಿದರು, ಕೈಯಲ್ಲಿದ್ದುದನ್ನು ನೋಡಿದರು. ಮುಷ್ಟಿ ಬಿಚ್ಚಿ ತಪ್ಪಲು ಕೆಳಗೆ ಹಾಕಿದರು. ಆಮೇಲೆ ಸಣ್ಣ ದನಿಯಲ್ಲಿ, "ಓಣಿಗೆ ಗೊತ್ತಾಗಬಾರದು" ಎಂದರು.

"ಗೊತ್ತಾಗೂದಿಲ್ಲ. ಊರಿಗೆ ಗಡ್ಡಿ ಅಂತನ ಹೇಳೂಣು. ನೀವು ಗುಳಿಗಿ ತಗೋರಿ."

"ಆಣಿ ಮಾಡು."

ಮಾಡಿದೆ. ಕೊರಳಲ್ಲಿದ್ದ ಲಿಂಗದ ಆಣೆ. ಆ ಕ್ಷಣದಲ್ಲಿ ಅವರು ಏನು ಕೇಳಿದ್ದರೂ ಆಣೆ ಮಾಡುತ್ತಿದ್ದೆ.

ಗುಳಿಗೆ ಶುರುವಾಯಿತು. ಮೊದಲ ಕೆಲವು ದಿನ ಹುಬ್ಬಳ್ಳಿಯ ಆಸ್ಪತ್ರೆಯಲ್ಲೇ ಇಟ್ಟುಕೊಂಡರು, ಹುಳ ಸಾಯುವಾಗ ತಲೆನೋವು ಹೆಚ್ಚಬಹುದೆಂದು. ಶಾಲೆಯ ಹುಡುಗರ ಹೊಟ್ಟೆಹುಳಕ್ಕೆ ಕೊಡುವ ಜಾತಿಯ ಗುಳಿಗೆಯೇ ಅದು ಎಂದು ನರ್ಸಮ್ಮ ಹೇಳಿದಾಗ ಅತ್ತೆಗೆ ಇನ್ನೊಂದು ಅವಮಾನ. ಫಿಟ್ಸಿನ ಗುಳಿಗೆ ಮಾತ್ರ ಬಹಳ ಕಾಲ ನಡೆಯಿತು. ದಸರೆಯ ಹೊತ್ತಿಗೆ ಮತ್ತೆ ಸ್ಕ್ಯಾನ್ ಮಾಡಿಸಿದರೆ ಉಂಗುರ ಇರಲಿಲ್ಲ, ಒಣಗಿದ ಕಲೆಯಂಥ ಬಿಳಿ ಚುಕ್ಕೆ ಉಳಿದಿತ್ತು. ನಮ್ಮ ಮನೆಯವರು ಪೇಢೆ ಹಂಚಿದರು.

ಇನ್ನು ಓಣಿಗೆ ಉತ್ತರ ಕೊಡಬೇಕಲ್ಲ. ಚನ್ನವ್ವ ಪಡಸಾಲೆಯಲ್ಲಿ ಕುಳಿತು, "ಅಲ್ಲವಾ, ಕೊಯ್ಯಲಾರದ ಗಡ್ಡಿ ಎಲ್ಲಿ ಹೋತು?" ಎಂದು ಕೇಳಿದಳು.

"ಕರಗಿತು" ಎಂದರು ಅತ್ತೆ.

"ಹೆಂಗ ಕರಗಿತು?"

ಅತ್ತೆ ಕಣ್ಣೆತ್ತಿ ದೇವರ ಮಾಡದ ಕಡೆ ನೋಡಿದರು. ಅಲ್ಲಿ ವಿಭೂತಿಯ ಡಬ್ಬಿ ಇತ್ತು, ಅದರ ಹಿಂದೆ ಡಾಕ್ಟರ ಚೀಟಿಯೂ ಇತ್ತು. ಚನ್ನವ್ವನಿಗೆ ಕಂಡದ್ದು ಡಬ್ಬಿ. ಹೋಗುವಾಗ ಒಂದು ಚಿಟಿಕೆ ವಿಭೂತಿ ಕೇಳಿ ಒಯ್ದಳು.

ಅಲ್ಲಿಂದ ನಮ್ಮ ಮನೆಯ ಗ್ರಹಚಾರ ಶುರು. ಸೋಮವಾರ ಬಂತೆಂದರೆ ಪಡಸಾಲೆ ತುಂಬ ಹೆಂಗಸರು. ಒಬ್ಬಳಿಗೆ ಕುತ್ತಿಗೆಯಲ್ಲಿ ಗಂಟು, ಒಬ್ಬಳ ಗಂಡನಿಗೆ ಬೆನ್ನ ಮೇಲೆ ಗಂಟು, ಸವದತ್ತಿಯಿಂದ ಬಂದವರೊಬ್ಬರು ತಮ್ಮ ಎಮ್ಮೆಯ ಕೆಚ್ಚಲು ಬಾತದ್ದಕ್ಕೂ ವಿಭೂತಿ ಒಯ್ದರು. ಗಡ್ಡಿ ಕರಗಿಸುವ ಗುರವ್ವ ಎಂದು ಹೆಸರಾಯಿತು. ಅತ್ತೆ ಮೊದಮೊದಲು ಮುಜುಗರಪಟ್ಟರು, ಆಮೇಲೆ ಹಿಡಿಸಿತು, ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಕೂಡತೊಡಗಿದರು. ನಾನು ಚಹಾ ಮಾಡಿ ಮಾಡಿ ಸಾಕಾದೆ. ಒಳಗೆ ಬಂದಾಗಲೊಮ್ಮೆ "ಗುಳಿಗಿ ಹೊತ್ತಾತ್ರಿ, ಪವಾಡದವ್ವಾರ" ಎಂದು ಪಿಸುಗುಟ್ಟಿದರೆ ಕಣ್ಣು ಕೆಕ್ಕರಿಸುವರು.

ಹೀಗೇ ಒಂದು ಸೋಮವಾರ ಕೆಳಗಿನ ಓಣಿಯ ಬಾಯವ್ವ ಬಂದಳು. ಹಿಂದೆ ಅವಳ ಮಗಳು ಶೈಲಶ್ರೀ, ಕಾಲೇಜಿಗೆ ಹೋಗುವ ಚೂಟಿ ಹುಡುಗಿ. ಅವಳ ಕಣ್ಣು ಬಾಡಿದ್ದವು. ತಂದೆ ಪರಸಪ್ಪ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೇ ನಿಂತ.

"ಯವ್ವಾ, ಇಕಿಗೂ ನಿಮ್ಮಂಗ ಆಗೇತ್ರಿ" ಎಂದಳು ಬಾಯವ್ವ. "ಕೈ ಜಗ್ಗತಾವ, ಬೀಳತಾಳ. ಫೋಟೋ ತಗಿಸಿದ್ರ ತಲಿಯಾಗ ಗಡ್ಡಿ ಅಂದ್ರು. ದೊಡ್ಡ ದವಾಖಾನಿಗೆ ಹೋಗ್ರಿ ಅಂದ್ರು. ನಾವು ವಲ್ಲೆವು ಅಂದು ಕರಕೊಂಡ ಬಂದೇವಿ. ಬೀಗರಾಗಾವ್ರಿಗೆ ಗೊತ್ತಾದ್ರ ಮದುವಿ ಮಾತು ಮುರೀತೈತಿ. ನಿಮ್ಮದು ಹೆಂಗ ಕರಗಿತೋ ಹಂಗ ಇಕೀದೂ ಕರಗಿಸಿಕೊಡ್ರಿ. ಇನ್ನ ದವಾಖಾನಿ ಮೆಟ್ಟಲಾ ಹತ್ತೂದಿಲ್ಲ."

ಸೆರಗು ಒಡ್ಡಿದಳು. ಅತ್ತೆ ಡಬ್ಬಿ ತೆರೆದರು, ಚಿಟಿಕೆ ತೆಗೆದರು. ಕೈ ಅಲ್ಲೇ ನಿಂತಿತು.

ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎಮ್ಮೆಯ ಕೆಚ್ಚಲಿಗೆ ವಿಭೂತಿ ಒಯ್ದರೆ ನಗಬಹುದು. ಈ ಹುಡುಗಿ ಒಯ್ದರೆ ಸತ್ತುಹೋಗುತ್ತಾಳೆ. ಆಣೆ ಮುರಿದರೆ ಮುರಿಯಲಿ ಎಂದು ಬಾಯಿ ತೆರೆದೆ. "ಅತ್ತೀ..."

"ನೀ ಸುಮ್ಕಿರು" ಎಂದರು.

ಚಿಟಿಕೆಯನ್ನು ಡಬ್ಬಿಗೆ ಮರಳಿ ಹಾಕಿ ಮುಚ್ಚಳ ಮುಚ್ಚಿದರು. ಪಡಸಾಲೆಯ ಹೆಂಗಸರನ್ನೆಲ್ಲ ಒಮ್ಮೆ ನೋಡಿದರು, ಚನ್ನವ್ವನನ್ನು ತುಸು ಹೆಚ್ಚು ಹೊತ್ತು ನೋಡಿದರು.

"ಬಾಯವ್ವಾ, ನನ್ನ ತಲಿಯಾಗ ಗಡ್ಡಿ ಇರಲಿಲ್ಲ. ಹುಳ ಇತ್ತು. ಹಂದಿ ಹುಳ."

ಆ ಶಬ್ದವನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಚನ್ನವ್ವನ ಕೈಯಲ್ಲಿದ್ದ ಬೀಸಣಿಕೆ ನಿಂತಿತು. "ಏನಂದಿ?"

"ಹಂದಿ. ಕಿವಿ ಕೇಳೂದಿಲ್ಲೇನ? ತೊಳೀಲಾರದ ಹಕ್ಕರಕಿ ತಿಂದು, ಅದರಾಗಿನ ಹುಳದ ತತ್ತಿ ತಿಂದು ಬಂತು. ವಿಭೂತಿಲೆ ಹೋಗಲಿಲ್ಲ. ಗುಳಿಗಿ ನುಂಗೇನಿ, ದಿನಾ ನುಂಗೇನಿ, ಇನ್ನೂ ನುಂಗಾಕತ್ತೇನಿ. ಚೀಟಿ ಇಲ್ಲೇ ಐತಿ, ಬೇಕಾದಾವರು ಓದ್ರಿ." ಆಮೇಲೆ ಶೈಲಶ್ರೀಯ ಕಡೆ ತಿರುಗಿ, ದನಿ ಇಳಿಸಿ ಹೇಳಿದರು. "ವಿಭೂತಿ ಹಚ್ಚಿಕೋ ಮಗಳ, ಬ್ಯಾಡ ಅನ್ನೂದಿಲ್ಲ. ಹಚ್ಚಿಕೊಂಡು ಬಸ್ ಹತ್ತು. ನಾನೂ ಬರತೇನಿ."

ಒಬ್ಬೊಬ್ಬರಾಗಿ ಹೆಂಗಸರು ಎದ್ದರು. ಚಹಾ ಯಾರೂ ಕುಡಿಯಲಿಲ್ಲ. ಅತ್ತೆ ಅದನ್ನು ಗಮನಿಸಿದರು, ಗಮನಿಸಿದ್ದನ್ನು ನಾನೂ ನೋಡಿದೆ.

ಅವತ್ತೇ ನಾವೆಲ್ಲ ಹುಬ್ಬಳ್ಳಿಗೆ ಹೊರಟೆವು, ಬೇವಿನ ಗಿಡದ ಕಡೆ ಮಾತ್ರ ತಿರುಗಲಿಲ್ಲ. ಅತ್ತೆ ಸೀದಾ ಸ್ಟ್ಯಾಂಡಿಗೆ ನಡೆದು, ಆಮ್ಲೆಟ್ ಗಾಡಿಯ ಎದುರಿನ ಕಟ್ಟೆಯ ಮೇಲೇ ಕುಳಿತರು. ಗಾಡಿಯವನು ಗಾಬರಿಯಿಂದ ತತ್ತಿಯ ಬುಟ್ಟಿಗೆ ಅರಿವೆ ಮುಚ್ಚಿದ.

ಡಾಕ್ಟರು ಶೈಲಶ್ರೀಯ ತಲೆ, ಎದೆ ಎಲ್ಲ ನೋಡಿದರು. ಕುತ್ತಿಗೆಯಲ್ಲಿದ್ದ ಸಣ್ಣ ಗಂಟಿನಿಂದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಕೇಳಲು ಹೋದಾಗಲೂ ನಾವು ಜೊತೆಗಿದ್ದೆವು. "ಇದು ಹುಳ ಅಲ್ಲ, ಕೆಟ್ಟ ಗಡ್ಡಿಯೂ ಅಲ್ಲ" ಎಂದರು. "ಕ್ಷಯ. ಎದಿಗೆ ಬರೂದು ಇಕಿಗೆ ತಲಿಯಾಗ ಗಂಟಾಗೇತಿ. ವರ್ಷದ ಮ್ಯಾಲ ಗುಳಿಗಿ ತಗೋಬೇಕು, ಒಂದ ದಿನಾನೂ ತಪ್ಪಬಾರದು. ಆರಾಮ ಆಗತಾಳ." ಬಾಯವ್ವ ಕುಳಿತಲ್ಲೇ ಅಳತೊಡಗಿದಳು. ಪರಸಪ್ಪ ಗೋಡೆಗೆ ಒರಗಿ ನಿಂತ.

ಅತ್ತೆಗೆ ಮಾತ್ರ ಬೇರೆಯೇ ಚಿಂತೆ. "ಅಂದ್ರ ಹಂದಿ ಹುಳ ಅಲ್ಲ?"

"ಅಲ್ರಿ ಅವ್ವಾರ."

"ಹಂಗಾದ್ರ ನಾ ಓಣಿ ತುಂಬ ಹಂದಿ ಹಂದಿ ಅಂತ ಒದರಿದ್ದು ಸುಮ್ಮನ ಆತಲ್ಲೋ ತಮ್ಮಾ!"

"ನೀವು ಒದರಲಿಲ್ಲ ಅಂದ್ರ ಈ ಹುಡುಗಿ ಇಲ್ಲಿ ಬರತಿರಲಿಲ್ಲ" ಎಂದು ಡಾಕ್ಟರು ನಕ್ಕರು. ಅತ್ತೆಗೆ ಸಮಾಧಾನವಾದಂತೆ ಕಂಡಿತು, ಸ್ವಲ್ಪ ಬಿಗುಮಾನವೂ ಬಂತು.

ಗಡ್ಡಿ ಕರಗಿಸುವ ಗುರವ್ವ ಹೋಗಿ ಹುಳದ ಗುರವ್ವ ಆದರು. ಚನ್ನವ್ವ ನಾಲ್ಕಾರು ತಿಂಗಳು ಈ ಕಡೆ ಸುಳಿಯಲಿಲ್ಲ, ಸಂಕ್ರಾಂತಿಯ ಎಳ್ಳು ಕೊಡಲೂ ಬರಲಿಲ್ಲ, ಆಮೇಲೆ ಮೊಮ್ಮಗನಿಗೆ ಫಿಟ್ಸ್ ಬಂದಾಗ ಓಡಿಬಂದಳು. ಶೈಲಶ್ರೀ ಗುಳಿಗೆ ಮುಗಿಸಿ, ಪದವಿ ಮುಗಿಸಿ, ಎರಡು ಸಾವಿರದ ಮೂರರಲ್ಲಿ ಮದುವೆಯಾದಳು. ಬೀಗರಿಗೆ ಎಲ್ಲ ಹೇಳಿಯೇ ಮಾಡಿದರು. ಮದುವೆಯ ಊಟದಲ್ಲಿ ಅತ್ತೆ ಅಡುಗೆಯವರ ತಲೆಯ ಮೇಲೆ ನಿಂತು ಮೂಲಂಗಿ ತಪ್ಪಲು ತೊಳೆಸಿದರು. ನಮ್ಮ ಮನೆಗೆ ಫೋನು ಬಂದ ಮೇಲೆ ಯಾರಾದರೂ "ಹುಳದ ಗುರವ್ವಾರ ಮನಿ ಏನ್ರಿ?" ಎಂದು ಕೇಳಿದರೆ, ಅವರೇ ರಿಸೀವರ್ ಕಸಿದುಕೊಂಡು "ನಾನ ಮಾತಾಡೂದು. ಸ್ಕ್ಯಾನ್ ಮಾಡಿಸೀರೇನ?" ಎನ್ನುವರು.

ಆದರೆ ನಾನು ಮರೆಯದೆ ಇಟ್ಟುಕೊಂಡಿರುವುದು ಆ ಸೋಮವಾರದ ಸಂಜೆಯನ್ನು, ಶೈಲಶ್ರೀಯನ್ನು ಮೊದಲ ಸಲ ತೋರಿಸಿ ಮರಳಿದ ಸಂಜೆ. ನಾನು ಒಲೆ ಹೊತ್ತಿಸಿ ಮನೆ ಮಂದಿಗೆ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಕೈಕಾಲು ತೊಳೆದು ಬಂದು, ತನ್ನ ಸರದಿಗೆ ಕಾಯುವ ಬದಲು ಗಂಗಾಳ ಮುಂದಿಟ್ಟುಕೊಂಡು ಕುಳಿತರು.

"ಒಂದು ರೊಟ್ಟಿ ಹಾಕು" ಎಂದರು.

ಇಷ್ಟು ವರ್ಷದ ಸಿಟ್ಟು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? "ನಮ್ಮ ಅಣ್ಣ ಇನ್ನೂ ತತ್ತಿ ತಿಂತಾನ್ರಿ ಅತ್ತಿ" ಎಂದೆ.

"ನಿಮ್ಮಣ್ಣ ತಿಂದದ್ದು ಕೋಳಿದು" ಎಂದರು, ನನ್ನ ಮುಖ ನೋಡದೆ. "ನಾ ಯಾವ ತತ್ತಿ ತಿಂದೇನಿ ಅನ್ನೂದು ಇವತ್ತ ಓಣಿಗೇ ಗೊತ್ತಾತು. ಆದರೂ ನೀ ನನ್ನ ತಲಿ ತೊಡಿಮ್ಯಾಲ ಇಟಗೊಂಡಿ. ಹಾಕು."

ಕಣ್ಣು ತುಂಬಿ ಹಂಚು ಕಾಣಲಿಲ್ಲ, ರೊಟ್ಟಿ ಒಂದು ಕಡೆ ಕಪ್ಪಾಯಿತು. ಹಾಗೆಯೇ ಹಾಕಿದೆ. ಅತ್ತೆ ಮುರಿದು, ಪಕ್ಕದ ಹಕ್ಕರಕಿಗೆ ಕೈ ಹಾಕುವ ಮುನ್ನ ನನ್ನನ್ನು ನೋಡಿದರು.

"ತೊಳದೀಯೇನ?"

"ಹೂನ್ರಿ" ಎಂದೆ. ಅವರು ತಿಂದರು.